ಕಣ್ಣಣ್ಣನ ಸೋಡಾ ಕೇಕು

ಬಾಟಲಿಯೊಳಗೆ ಇರಬಾರದ್ದನ್ನು ಹುಡುಕುವುದೇ ಹೊಟ್ಟೆಪಾಡಾದ ಮನುಷ್ಯನೊಬ್ಬನ ಮಾತು ಇದು. ಸೋಡಾ ಕಾರ್ಖಾನೆಯಲ್ಲಿ ತುಂಬಿದ ಬಾಟಲಿಗಳು ಬೆಲ್ಟಿನ ಮೇಲೆ ಸಾಲಾಗಿ ಬರುತ್ತವೆ. ಅವುಗಳ ಹಿಂದೆ ಬೆಳ್ಳಗೆ ಉರಿಯುವ ದೀಪದ ಹಲಗೆ, ಮುಂದೆ ಒಂದು ಸ್ಟೂಲು. ಆ ಸ್ಟೂಲಿನ ಮೇಲೆ ಇಪ್ಪತ್ತೊಂಬತ್ತು ವರ್ಷದಿಂದ ಇವನು. ಕೂದಲೆಳೆ, ಗಾಜಿನ ಚೂರು, ಸತ್ತ ನೊಣ, ಒಮ್ಮೆ ಯಾರದೋ ಅಂಗಿಯ ಗುಂಡಿ, ಯಾವುದೂ ಇವನ ಕಣ್ಣು ತಪ್ಪಿಸಿ ಹೊರಗೆ ಹೋದದ್ದಿಲ್ಲ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಉಳಿಯಿತು. ಜನರ ಬಾಯಲ್ಲಿ ಅವನು ಕಣ್ಣಣ್ಣ.

ಆ ಕಣ್ಣು ಮನೆಗೆ ಬಂದರೂ ಸುಮ್ಮನಿರುವ ಜಾತಿಯದಲ್ಲ. ನೀರು ಕೊಟ್ಟರೆ ಲೋಟವನ್ನು ಮೊದಲು ಕಿಟಕಿಗೆ ಹಿಡಿದು ನೋಡುವನು, ಆಮೇಲೆ ಕುಡಿಯುವನು. ನೆಂಟರ ಮನೆಯಲ್ಲೂ ಇದೇ ಚಾಳಿ. ಹೀಗಾಗಿ ಕರೆಯುವ ನೆಂಟರು ಒಬ್ಬೊಬ್ಬರಾಗಿ ಕಡಿಮೆಯಾದರು, ಹೆಣ್ಣು ಕೊಡುವವರಂತೂ ಹುಟ್ಟಲೇ ಇಲ್ಲ. ನೋಡನೋಡುತ್ತ ಐವತ್ತು ತುಂಬಿತು.

ಕಾರ್ಖಾನೆಯ ನಿಯಮದ ಪ್ರಕಾರ ವರ್ಷಕ್ಕೊಮ್ಮೆ ಅವನ ಕಣ್ಣಿನ ಪರೀಕ್ಷೆ ಆಗಬೇಕು. ಆ ವರ್ಷ ಆಸ್ಪತ್ರೆಯ ಪಡಸಾಲೆಯಲ್ಲಿ ಸರದಿ ಕಾಯುತ್ತಿದ್ದಾಗ ಪಕ್ಕದ ಕೋಣೆಯಿಂದ ಒಬ್ಬ ಹೆಂಗಸು ತಲೆ ಹೊರಗೆ ಹಾಕಿದಳು. ಆಸ್ಪತ್ರೆಯ ಹರಿದ ಹಾಸಿಗೆ ಬಟ್ಟೆಗಳನ್ನು ಹೊಲಿಯುವವಳು ಅವಳು.

"ಸ್ವಲ್ಪ ಈ ಸೂಜಿಗೆ ದಾರ ಪೋಣಿಸಿಕೊಡ್ತೀರಾ? ಕಣ್ಣಿನ ಡಾಕ್ಟರ ಪಕ್ಕದಲ್ಲೇ ಕೂತಿರ್ತೀನಿ, ನನಗೇ ಕಣ್ಣು ಕಾಣಲ್ಲ ನೋಡಿ."

ಕಣ್ಣಣ್ಣ ಒಂದೇ ಏಟಿಗೆ ಪೋಣಿಸಿಕೊಟ್ಟ. ಅವಳು ಒಳಗೆ ಹೋಗಿ ಇನ್ನೂ ಹನ್ನೊಂದು ಸೂಜಿ ತಂದಳು. ಅಲ್ಲಿಂದ ಮುಂದೆ ಅವನ ಕಣ್ಣಿಗೆ ಏನಾಯಿತೋ ಏನೋ, ವರ್ಷಕ್ಕೊಮ್ಮೆ ಇದ್ದ ಆಸ್ಪತ್ರೆ ತಿಂಗಳಿಗೊಮ್ಮೆಯಾಯಿತು, ತಿಂಗಳಿನದು ವಾರಕ್ಕಿಳಿಯಿತು. ಎರಡು ವರ್ಷದ ಮೇಲೆ ಮೂವರು ಸಾಕ್ಷಿಗಳನ್ನು ನಿಲ್ಲಿಸಿಕೊಂಡು ರಿಜಿಸ್ಟರ್ ಮದುವೆ ಮಾಡಿಕೊಂಡರು.

ಅವಳ ಮೊದಲ ಗಂಡ ಲಾರಿ ಓಡಿಸುತ್ತಿದ್ದವನು, ಎದೆನೋವು ಬಂದು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಒಬ್ಬಳೇ ಮಗಳು, ಬೇರೆ ಊರಿನ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ವಿಭಾಗದಲ್ಲಿದ್ದಳು. ಮದುವೆಗೆ ಬರಲಿಲ್ಲ. ಫೋನು ಮಾಡುತ್ತಿದ್ದಳು, ಆದರೆ ಕಣ್ಣಣ್ಣ ಕೆಲಸಕ್ಕೆ ಹೋದ ಹೊತ್ತು ನೋಡಿಕೊಂಡು. ಎಂಟು ತಿಂಗಳು ಹೀಗೇ ನಡೆಯಿತು. ಒಂದು ಗುರುವಾರ ಅವನು ಮನೆಗೆ ಬಂದಾಗ ಹೆಂಡತಿ ಹೇಳಿದಳು:

"ಭಾನುವಾರ ಬರ್ತಾಳಂತೆ. ಹನ್ನೊಂದಕ್ಕೆ ಬಂದು ನಾಲ್ಕರ ಬಸ್ಸಿಗೆ ಹೋಗ್ತಾಳಂತೆ."

"ಒಳ್ಳೇದಾಯ್ತಲ್ಲ."

"ಪೂರ್ತಿ ಕೇಳಿ. 'ಒಂದು ಸಲ ಬಂದು ನೋಡ್ತೀನಿ. ಆ ಮನೇಲಿ ಕೂರೋಕೆ ಆಗ್ಲಿಲ್ಲ ಅಂದ್ರೆ ಮತ್ತೆ ಬರಲ್ಲ, ನೀನೇ ಇಲ್ಲಿಗೆ ಬಂದು ಹೋಗ್ತಿರು' ಅಂದಳು."

ಕಣ್ಣಣ್ಣ ಚಪ್ಪಲಿ ಬಿಡುವುದನ್ನೂ ಮರೆತು ನಿಂತ. "ಅವಳಿಗೆ ತಿನ್ನೋಕೆ ಏನಿಷ್ಟ?" ಎಂದು ಕೇಳಿದ.

"ಇಟ್ಟಿದ್ದು ತಿಂತಾಳೆ."

"ಇಷ್ಟ ಏನು ಅಂತ ಕೇಳಿದ್ದು."

ಹೆಂಡತಿ ಕೈಯಲ್ಲಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಆಮೇಲೆ ಹೇಳಿದಳು. ಅವಳಪ್ಪ ಲಾರಿ ಓಡಿಸುವಾಗ ದಾರಿಯಲ್ಲಿ ಒಂದು ಬಾಟಲಿ ಸಿಹಿ ನಿಂಬೆ ಸೋಡಾ ಕೊಳ್ಳುವನು. ಎರಡು ಗುಟುಕು ಕುಡಿದು ಜಾಗ ಮಾಡಿ, ಉಪ್ಪು ಹಾಕಿ ಹುರಿದ ಕಡಲೆಬೀಜದ ಪೊಟ್ಟಣವನ್ನು ಹಾಗೇ ಬಾಟಲಿಗೆ ಸುರಿಯುವನು. ಕೈಗೆ ಗ್ರೀಸು ಮೆತ್ತಿರುತ್ತಿತ್ತು, ಬೀಜವನ್ನು ಮುಟ್ಟುವಂತಿಲ್ಲ. ಹೀಗೆ ಮಾಡಿದರೆ ಒಂದೇ ಕೈಯಲ್ಲಿ ಕುಡಿದದ್ದೂ ಆಯಿತು, ಅಗಿದದ್ದೂ ಆಯಿತು. ರಜೆಯಲ್ಲಿ ಮಗಳು ಪಕ್ಕದಲ್ಲೇ ಕೂತು ಹೋಗುತ್ತಿದ್ದಳು. ತಳದಲ್ಲಿ ಉಳಿದದ್ದು ಅವಳ ಪಾಲು. ಅಪ್ಪ ಹೋದ ಮೇಲೆ ಸೋಡಾ ಮುಟ್ಟಿಲ್ಲ, ಅಪ್ಪನ ಮಾತೂ ಎತ್ತಿಲ್ಲ.

"ಕಾರ್ಖಾನೆ ಕ್ಯಾಂಟೀನ್ ಅಡುಗೆಯವನು ಸೋಡಾ ಹಾಕಿ ಕೇಕು ಮಾಡ್ತಾನೆ. ಬೀಜಾನೂ ಸೇರಿಸಿ ನಾನು ಮಾಡಲಾ?"

"ಮಾಡಿ. ಆದ್ರೆ ಅವಳು ಎದ್ದು ಹೋದ್ರೆ ಮನಸ್ಸಿಗೆ ಹಚ್ಕೋಬೇಡಿ."

ಮಾರನೆಯ ದಿನ ಅಡುಗೆಯವನನ್ನು ಹಿಡಿದು ಕೇಳಿದ. ಅವನ ಲೆಕ್ಕ ಸುಲಭ: ನಾಲ್ಕು ಮೊಟ್ಟೆ ಎಷ್ಟು ತೂಗುತ್ತದೋ ಬೆಣ್ಣೆ ಅಷ್ಟು, ಸಕ್ಕರೆ ಅಷ್ಟು, ಮೈದಾ ಅಷ್ಟು. ಉಬ್ಬಿಸುವ ಪುಡಿ ಬೇಡ. ಕೊನೆಗೆ ಅರ್ಧ ಲೋಟ ಸೋಡಾ, ಮೇಲೊಂದು ಹಿಡಿ ಬೀಜ. "ಕಣ್ಣು ಮುಚ್ಚಿಕೊಂಡು ಮಾಡಬಹುದು ಕಣ್ಣಣ್ಣ, ಆದ್ರೆ ಅದೊಂದು ನಿನ್ನ ಕೈಲಾಗಲ್ಲ" ಎಂದು ಬೇರೆ ಚುಚ್ಚಿದ.

ಭಾನುವಾರ ಹೆಂಡತಿ ಮಗಳನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೊರಟ ಮೇಲೆ ಅಡುಗೆಮನೆಯಲ್ಲಿ ಅವನೊಬ್ಬನೇ. ಮೈದಾವನ್ನು ಮೂರು ಸಲ ಜರಡಿ ಹಿಡಿದ, ನಾಲ್ಕನೆಯ ಸಲ ಬಿಳಿ ತಟ್ಟೆಯಲ್ಲಿ ಹರಡಿ ನೋಡಿದ. ಮೊಟ್ಟೆಗಳನ್ನು ಒಂದೊಂದಾಗಿ ಬಲ್ಬಿಗೆ ಹಿಡಿದ. ಬೆಣ್ಣೆ ಸಕ್ಕರೆಯನ್ನು ತೋಳು ಬಿದ್ದುಹೋಗುವಂತೆ ತಿರುವಿದ. ಕಡಲೆಬೀಜದ ಪೊಟ್ಟಣ ಒಡೆದು ಸುರಿದರೆ ಪ್ರತಿ ಬೀಜದ ಮೈಮೇಲೂ ಬಿಳಿ ಬಿಳಿ ಕಣ. ಆ ಕಣ್ಣಿಗೆ ಕಣ ಕಂಡರೆ ಕೈ ಸುಮ್ಮನಿದ್ದೀತೇ? ಬೀಜಗಳನ್ನೆಲ್ಲ ಎರಡು ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಒಡೆದವನ್ನು ಬೇರೆ ಮಾಡಿ ಇಟ್ಟ. ಇನ್ನು ಸೋಡಾ. ಗ್ಯಾಸು ಹೆಚ್ಚಾದ ಬಾಟಲಿ ಸಿಡಿಯುವುದನ್ನು ಕಂಡು ಬೆಳೆದವನು, ಮೊಣಕೈ ಮೇಲೆ ಅದರ ಗುರುತೂ ಇತ್ತು. ಬಿಸಿ ಓವನ್ನಿನೊಳಗೆ ಗ್ಯಾಸಿರುವ ಸೋಡಾ ಇಡುವಷ್ಟು ದಡ್ಡನಲ್ಲ. ಹಾಗಾಗಿ ಬೆಳಿಗ್ಗೆ ಆರಕ್ಕೇ ಮುಚ್ಚಳ ತೆಗೆದಿಟ್ಟಿದ್ದ. ಈಗ ಚಮಚ ಹಾಕಿ ಕಲಕಿ, ಕೊನೆಯ ಗುಳ್ಳೆಯನ್ನೂ ಓಡಿಸಿ, ನಿಶ್ಚಿಂತೆಯಿಂದ ಹಿಟ್ಟಿಗೆ ಸುರಿದ.

ಹನ್ನೊಂದೂಕಾಲಿಗೆ ಅವಳು ಬಂದಳು. ಅಮ್ಮನ ಮೂಗು, ಮಿಕ್ಕದ್ದೆಲ್ಲ ಬೇರೆ ಯಾರದೋ. ಚೀಲವನ್ನು ತೊಡೆಯಿಂದ ಕೆಳಗಿಡದೆ ಕುರ್ಚಿಯ ತುದಿಯಲ್ಲಿ ಕೂತಳು.

"ನೀವು ಬಸ್ಸಲ್ಲಿ ಆರಾಮಾಗಿ ಬಂದ್ರಾ?" ಎಂದ ಕಣ್ಣಣ್ಣ.

"ಹೂಂ."

ಅವಳು ಗೋಡೆ ನೋಡಿದಳು, ಅವನು ನೆಲ ನೋಡಿದ. ಊಟದ ಹೊತ್ತಿನಲ್ಲೂ ಅಮ್ಮನೊಬ್ಬಳೇ ಇಬ್ಬರ ಪಾಲಿನ ಮಾತನ್ನೂ ಆಡಿದಳು. ಊಟ ಮುಗಿದ ಮೇಲೆ ಅವನು ಕೇಕನ್ನು ತಂದು ಮೇಜಿನ ಮೇಲಿಟ್ಟ. ಮೇಲೆ ಸಾಲಾಗಿ ಕೂರಿಸಿದ ಕಡಲೆಬೀಜ, ಒಂದೂ ಒಡೆದದ್ದಿಲ್ಲ. ಆದರೆ ಕೇಕು ಮಾತ್ರ ಉಬ್ಬದೆ, ಮುಖ ಸಪ್ಪೆ ಮಾಡಿಕೊಂಡು ಕೂತಿತ್ತು.

"ಏನಿದು?"

"ಕೇಕು. ಸೋಡಾ ಹಾಕಿದ್ದು. ಮೇಲೆ ಕಡಲೆಬೀಜ."

ಅವಳು ತಲೆ ಎತ್ತಿದಳು. "ಯಾರು ಹೇಳಿದ್ದು ನಿಮಗೆ?"

"ನಾನೇ ನಿಮ್ಮಮ್ಮನ್ನ ಕೇಳಿದೆ. ಅವಳಾಗಿ ಹೇಳಲಿಲ್ಲ." ಅವನು ತಟ್ಟೆಗೆ ಕೈ ಹಾಕಿದ. "ತಪ್ಪಾಗಿದ್ರೆ ತೆಗೆದಿಡ್ತೀನಿ."

ಅವಳು ತಟ್ಟೆಯ ಇನ್ನೊಂದು ಅಂಚು ಹಿಡಿದುಕೊಂಡಳು. "ಇರಲಿ, ಇಡಿ."

ಒಂದು ತುಂಡು ಕತ್ತರಿಸಿಕೊಂಡಳು. ಬಾಯಿಗಿಟ್ಟು ಅಗಿದಳು, ಇನ್ನೂ ಅಗಿದಳು, ನುಂಗಲು ನೀರು ಕುಡಿದಳು. ಕಣ್ಣಣ್ಣ ಎಂದೂ ಯಾವ ಬಾಟಲಿಯನ್ನೂ ಅಷ್ಟು ದಿಟ್ಟಿಸಿ ನೋಡಿರಲಿಲ್ಲ.

"ಉಪ್ಪೆಲ್ಲಿ?" ಎಂದಳು.

"ಯಾವ ಉಪ್ಪು?"

"ಬೀಜದ ಮೇಲಿನ ಉಪ್ಪು. ಉಪ್ಪು ಬೀಜ ಅಲ್ವಾ ಇದು?"

"ಬಿಳೀದು ಏನೋ ಅಂಟಿತ್ತು," ಅವನ ದನಿ ಇಳಿಯಿತು, "ತೊಳೆದೆ."

"ತೊಳೆದ್ರಾ?"

"ಎರಡು ನೀರಲ್ಲಿ."

ಹೆಂಡತಿ ಸೆರಗನ್ನು ಬಾಯಿಗಿಟ್ಟುಕೊಂಡು ಗೋಡೆಯತ್ತ ತಿರುಗಿದಳು. ನಗುವಿಗೆ ಅವಳ ಭುಜ ಕುಲುಕುತ್ತಿತ್ತು.

"ಮತ್ತೆ ಇಷ್ಟು ಗಟ್ಟಿ ಯಾಕಾಗಿದೆ? ಸೋಡಾ ಹಾಕಿದೆ ಅಂದ್ರಿ."

"ಹಾಕಿದೆ. ಗ್ಯಾಸು ತೆಗೆದು ಹಾಕಿದೆ. ಸಿಡಿದುಬಿಟ್ರೆ ಅಂತ."

"ಕೇಕು ಸಿಡಿಯುತ್ತಾ?"

"ಬಾಟಲಿ ಸಿಡಿಯುತ್ತೆ," ಎಂದ ಕಣ್ಣಣ್ಣ ಬಲು ಗಂಭೀರವಾಗಿ.

ಮಗಳಿಗೆ ನಗು ತಡೆಯಲಾಗಲಿಲ್ಲ. ನಕ್ಕಳು, ಕೆಮ್ಮಿದಳು, ಕಣ್ಣಲ್ಲಿ ನೀರು ಬಂತು. ನಗು ನಿಂತಿತು. ನೀರು ನಿಲ್ಲಲಿಲ್ಲ. ಅಮ್ಮ ಎದ್ದು ಬರುವಷ್ಟರಲ್ಲಿ ಅವಳೇ ಮುಖ ಒರೆಸಿಕೊಂಡು, ಚೀಲವನ್ನು ನೆಲದ ಮೇಲಿಟ್ಟು, ಅಡುಗೆಮನೆಯ ಕಡೆ ನಡೆದಳು.

"ಮೊಟ್ಟೆ ಇನ್ನೆಷ್ಟಿವೆ? ಬೀಜದ ಪೊಟ್ಟಣ ಇನ್ನೊಂದಿದೆಯಾ? ಮತ್ತೆ ನನ್ನನ್ನ ನೀವು, ತಾವು ಅನ್ನಬೇಡಿ. ಕಚೇರೀಲಿ ಪಾರ್ಸೆಲ್ ಕಳಿಸೋಕೆ ಬಂದವರ ಹಾಗೆ ಕೇಳುತ್ತೆ."

ಮೊಟ್ಟೆ ಆರಿದ್ದವು, ಪೊಟ್ಟಣವೂ ಇತ್ತು, ಸೋಡಾಕ್ಕೆ ಆ ಮನೆಯಲ್ಲಿ ಯಾವತ್ತೂ ಬರವಿಲ್ಲ. ಅವನು ತೂಗಿದ, ಅವಳು ತಿರುವಿದಳು. ಮೈದಾ ಜರಡಿ ಹಿಡಿಯಲು ಹೋದವನನ್ನು "ಒಂದು ಸಲ ಸಾಕು" ಎಂದು ತಡೆದಳು. ಉಪ್ಪಿನ ಬೀಜ ತಟ್ಟೆಗೆ ಬಿದ್ದಾಗ ಅವನು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ. ಎಲ್ಲ ಸೇರಿದ ಮೇಲೆ ಅವಳು ಬಾಟಲಿಯ ಮುಚ್ಚಳ ತೆಗೆದಳು. ಅದು ಬುಸ್ಸೆಂದದ್ದೇ ತಡ, ಕಣ್ಣಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಹಿಟ್ಟು ನೊರೆಯೆದ್ದು ಪಾತ್ರೆಯ ಅಂಚಿಗೆ ಬಂತು.

"ಬೇಗ, ಬೇಗ. ಗುಳ್ಳೆ ಹೋಗೋದ್ರೊಳಗೆ ಓವನ್ನಿಗೆ ಹೋಗಬೇಕು."

ಬಾಗಿಲು ಹಾಕಿ ಇಬ್ಬರೂ ಅಲ್ಲೇ ನೆಲದ ಮೇಲೆ ಕೂತರು. ಒಳಗಿನ ಚಿಕ್ಕ ಬಲ್ಬಿನ ಬೆಳಕಿನಲ್ಲಿ ಕೇಕು ನಿಧಾನವಾಗಿ ಏಳತೊಡಗಿತು.

"ಬಾಟಲಿಯ ಕುತ್ತಿಗೆ ಸಣ್ಣದು," ಎಂದ ಕಣ್ಣಣ್ಣ, ಓವನ್ನನ್ನೇ ನೋಡುತ್ತ. "ತಳದಲ್ಲಿ ಉಳಿದ ಬೀಜ ಹೊರಗೆ ಹ್ಯಾಗೆ ಬರ್ತಿತ್ತು? ಅವತ್ತಿಂದ ಯೋಚಿಸ್ತಾ ಇದ್ದೀನಿ."

ಅವಳು ಕೈಯನ್ನು ಬಾಟಲಿಯಂತೆ ಮಾಡಿ ಬಾಯಿಗೆ ಎತ್ತಿ ಹಿಡಿದಳು. "ಹೀಗೆ ತಲೆಕೆಳಗೆ ಹಿಡಿದು, ಅಪ್ಪ ತಳಕ್ಕೆ ಅಂಗೈಲಿ ತಟ್ತಿದ್ರು. ಒಂದು ತಟ್ಟಿಗೆ ಒಂದು ಬೀಜ. ಇನ್ನೂ ಇದೆ, ಇನ್ನೂ ಇದೆ ಅಂತ ಖಾಲಿ ಬಾಟಲೀನೂ ತಟ್ತಾ ಇರೋರು. ನಾನು ಬಾಯಿ ತೆಗೆದುಕೊಂಡೇ ಕೂತಿರ್ತಿದ್ದೆ, ಎದುರಿನ ಲಾರಿಯವರೆಲ್ಲ ನೋಡಿ ನಗೋರು."

ಬಾಗಿಲಲ್ಲಿದ್ದ ಹೆಂಡತಿ ಒಳಗೆ ಬರಲಿಲ್ಲ, ಆಚೆಗೂ ಹೋಗಲಿಲ್ಲ. ಒಂಬತ್ತು ವರ್ಷದಲ್ಲಿ ಮಗಳ ಬಾಯಿಂದ 'ಅಪ್ಪ' ಎಂಬ ಮಾತು ಕೇಳಿದ್ದು ಅವಳಿಗೆ ಅದೇ ಮೊದಲು. ಮಗಳು ಹೇಳುತ್ತಲೇ ಹೋದಳು. ಲಾರಿಯ ಹಾರ್ನ್, ರಾತ್ರಿಯ ಘಟ್ಟದ ದಾರಿ, ಅಪ್ಪನ ರಾಗ ತಪ್ಪಿದ ಹಾಡು. ಕಣ್ಣಣ್ಣ ನಡುನಡುವೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದ, ಅಷ್ಟೇ.

ಕೇಕು ಬಿರಿದುಕೊಂಡು ಎದ್ದಿತ್ತು. ಬಿಸಿ ಆರುವ ತನಕ ಯಾರಿಗೂ ತಾಳ್ಮೆ ಇರಲಿಲ್ಲ. ಮೊದಲು ಉಪ್ಪು ನಾಲಿಗೆಗೆ ತಾಕಿತು, ಹಿಂದೆಯೇ ಬೆಣ್ಣೆ, ಕೊನೆಗೆ ನಿಂಬೆಯ ಸಣ್ಣ ಹುಳಿ. ಮಗಳು ಕಣ್ಣು ಮುಚ್ಚಿಕೊಂಡು ಒಂದು ತುಂಡು ಮುಗಿಸಿದಳು. ಇನ್ನೊಂದಕ್ಕೆ ಕೈ ಹಾಕುತ್ತ ಹೇಳಿದಳು:

"ಚೆನ್ನಾಗಿದೆ. ಆದ್ರೆ ಮುಂದಿನ ಸಲ ನಾನು ಬರೋ ಹಿಂದಿನ ದಿನವೇ ಬೆಣ್ಣೆ ಹೊರಗೆ ತೆಗೆದಿಡಿ. ಇನ್ನೂ ಮೆತ್ತಗಾಗಬೇಕು."

ಹೆಂಡತಿ ಗಂಡನ ಮುಖ ನೋಡಿದಳು. ಅವನು ಬಾಯಲ್ಲಿದ್ದುದನ್ನು ಮೆಲ್ಲಗೆ ನುಂಗಿದ.

"ಎಷ್ಟು ಗಂಟೆಗೆ ತೆಗೀಲಿ?" ಎಂದು ಕೇಳಿದ.