ಅಲ್ಲಪ್ಪನ ಬ್ಯಾನರು, ನಬಿಲಾಲನ ತೆಪ್ಪ

ಹಿಡಕಲ್ ಡ್ಯಾಮಿನ ಹಿನ್ನೀರಿನಲ್ಲಿ ಮೀನು ಹಿಡಿಯುವ ನಬಿಲಾಲನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ತೂಕದಲ್ಲಿ ಮೋಸ ಮಾಡಿದ ವ್ಯಾಪಾರಿಯ ತಲೆಗೆ ಅವನದೇ ತಕ್ಕಡಿ ಎತ್ತಿ ಹಾಕಿದ ಗಂಡು. "ಇವ್ರಿಗೆ ಬಾಯಿಗಿಂತ ಕೈ ಅವಸರ ಬಾಳ್ರಿ" ಎನ್ನುತ್ತಾಳೆ ಹೆಂಡತಿ ಸುಲ್ತಾನಾಬಿ. ಅಂಥವನನ್ನು ನೆರೆ ಪರಿಹಾರದ ಕೆಲಸಕ್ಕೆ ಕರೆಯಬೇಡಿ ಎಂದು ನನಗೆ ಬುದ್ಧಿ ಹೇಳಿದವರು ಬಹಳ ಮಂದಿ. ಆದರೆ ತುಂಬಿದ ಹೊಳೆಗೆ ತೆಪ್ಪ ಇಳಿಸುತ್ತೇನೆಂದವನು ಅವನೊಬ್ಬನೇ.

೨೦೧೯ರ ಆಗಸ್ಟಿನಲ್ಲಿ ಘಟಪ್ರಭಾ ಉಕ್ಕಿ ಮಸಗುಪ್ಪಿಯ ತೋಟಗಳನ್ನು ನುಂಗಿತ್ತು. ನಮ್ಮ ಬೀಗರು ಗುರುಲಿಂಗಪ್ಪ ಮತ್ತು ಅವರ ಹೆಂಡತಿ ಕಾಶೆವ್ವ ತೋಟದ ಮನೆಯ ಮಾಳಿಗೆ ಏರಿ ಕುಳಿತಿದ್ದರು. "ಗ್ವಾಡಿ ಕುಸಿಯಾಕತ್ತಾವು, ಲಗೂನ ತೆಪ್ಪ ತರ್ರಿ" ಎಂದು ಬೀಗರ ಫೋನು ಬಂತು. ರೊಟ್ಟಿ, ಚಾದರ ತುಂಬಿದ ಎರಡು ಟೆಂಪೋ, ನಬಿಲಾಲನ ತೆಪ್ಪ ಹೇರಿದ ಒಂದು ಲಾರಿ ಹುಕ್ಕೇರಿಯಿಂದ ಹೊರಟವು.

ಗೋಕಾಕ ದಾಟಿದ ಮೇಲೆ ದಾರಿಗೆ ಅಡ್ಡಲಾಗಿ ಟ್ರ್ಯಾಕ್ಟರ್ ನಿಂತಿತ್ತು. ಚುನಾವಣೆಗೆ ನಿಲ್ಲಲು ಹೊರಟಿದ್ದ ಅಲ್ಲಪ್ಪ ತನ್ನ ಹುಡುಗರೊಂದಿಗೆ ಕಾದಿದ್ದ.

"ಎಲ್ಲಾ ಗಾಡಿಗೂ ನನ್ನ ಬ್ಯಾನರ್ ಕಟ್ರಿ. ಮೂಡಲಗಿಯಿಂದ ಫೋಟೋದಾವ ಬರಾಕತ್ತಾನ, ಅಲ್ಲೀತನಕ ನಿಲ್ರಿ."

ಮಾಳಿಗೆಯ ಮೇಲೆ ಜೀವಗಳಿವೆ ಎಂದು ನಾನು ಕೈಮುಗಿದೆ.

"ಇಷ್ಟೊತ್ತು ಕುಂತವ್ರು ಇನ್ನಷ್ಟೊತ್ತು ಕುಂಡ್ರತಾರ ತಗೋರಿ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಹುಡುಗರು ಗಾಡಿಗಳಿಗೆ ಪ್ಲಾಸ್ಟಿಕ್ ಬ್ಯಾನರು ಕಟ್ಟಿದರು. ನಾನು ನಬಿಲಾಲನ ರಟ್ಟೆ ಹಿಡಿದು ಲಾರಿಯಲ್ಲೇ ಕೂರಿಸಿದೆ. ಅವನೂ ಹಲ್ಲು ಕಚ್ಚಿ ಕುಳಿತ. ಕೊನೆಗೂ ಫೋಟೋದವನು ಬಂದ, ಒಂದು ಫೋಟೋ ಹೊಡೆದ. ಅಲ್ಲಪ್ಪ ಅದನ್ನು ನೋಡಿ, "ಕಣ್ಣು ಮುಚ್ಚ್ಯಾವಲ್ಲೋ, ಇನ್ನೊಂದು ಹೊಡಿ" ಎಂದ.

ನಬಿಲಾಲ ಲಾರಿಯಿಂದ ಹಾರಿದ್ದೇ ತೆಪ್ಪದ ಹುಟ್ಟು ಬೀಸಿದ. ಅಲ್ಲಪ್ಪನ ಎರಡು ಹಲ್ಲು ರಕ್ತದ ಜೊತೆ ರಸ್ತೆಗೆ ಬಿದ್ದವು. ಅವನ ಹುಡುಗರು ಬಡಿಗೆ ಹಿಡಿದು ನಬಿಲಾಲನ ಮೇಲೆ ಮುಗಿಬಿದ್ದರು. ಬಿದ್ದವನನ್ನು ಒದ್ದರು, ಎಡಗೈ ಮುರಿಯುವವರೆಗೆ ಬಡಿದರು. ಮೂಳೆ ಲಟಕ್ಕೆಂದದ್ದು ನನಗೆ ಕೇಳಿಸಿತು. ಸುಳ್ಳೇಕೆ, ನಾನೂ ಒಬ್ಬನ ಕೈ ಕಚ್ಚಿದೆ. ಒಬ್ಬ ಲಾರಿ ಏರಿ ಕುಡಗೋಲಿನಿಂದ ತೆಪ್ಪದ ತಳದ ಟಾರ್ಪಾಲು ಸೀಳಿದ. ರೊಟ್ಟಿಯ ಚೀಲಗಳೆಲ್ಲ ಕಾಲ್ತುಳಿತಕ್ಕೆ ಸಿಕ್ಕವು. ಕಡೆಗೆ ಅಲ್ಲಪ್ಪನನ್ನು ದವಾಖಾನೆಗೆ ಒಯ್ಯಲು ಅವರೇ ಟ್ರ್ಯಾಕ್ಟರ್ ತೆಗೆದರು, ದಾರಿ ತೆರವಾಯಿತು.

ಮಸಗುಪ್ಪಿಯ ನೀರಿನಂಚಿಗೆ ಬಂದು ಹರಿದ ತೆಪ್ಪವನ್ನು ಕೆಳಗಿಳಿಸಿದೆವು. ಮುರಿದ ಕೈಯನ್ನು ಟವೆಲಿನಲ್ಲಿ ಕಟ್ಟಿಕೊಂಡ ನಬಿಲಾಲ ಲಾರಿಯ ಬ್ಯಾನರು ಕಿತ್ತು ತಂದ. ಅದನ್ನು ಎರಡು ಮಡಿಕೆ ಮಾಡಿ ತಳಕ್ಕೆ ಸುತ್ತಿ ಹಗ್ಗ ಬಿಗಿಸಿದೆವು. ಅಲ್ಲಪ್ಪನ ನಗುಮುಖ ನೀರಿಗಿಳಿಯಿತು. ಅಂತೂ ಅವನಿಂದ ಇಷ್ಟಾದರೂ ಉಪಕಾರವಾಯಿತು. ನಾನು ಹುಟ್ಟು ಹಾಕಿದೆ, ನಬಿಲಾಲ ಬೈಯುತ್ತ ದಿಕ್ಕು ಹೇಳಿದ.

ಮಾಳಿಗೆಯ ಅರ್ಧ ಕುಸಿದಿತ್ತು. ಉಳಿದರ್ಧದ ಮೇಲೆ ಗುರುಲಿಂಗಪ್ಪ ಒಬ್ಬರೇ ಇದ್ದರು. ತೆಪ್ಪ ಹತ್ತಿರವಾದೊಡನೆ ಬಾಗಿ ನಬಿಲಾಲನ ಕೆನ್ನೆಗೆ ಹೊಡೆದರು.

"ಈಗ ಬಂದ್ಯಾ? ಈಗಿನ್ನ ಹ್ವಾದ್ಲಲ್ಲೋ ಅಕಿ! ನನ್ನ ಕೈಯಾಗಿಂದ ಹ್ವಾದ್ಲಲ್ಲೋ!"

ಮತ್ತೆ ಹೊಡೆದರು. ಒಡೆದಿದ್ದ ತುಟಿಯಿಂದ ರಕ್ತ ಚಿಮ್ಮಿತು. ನನಗೆ ತಡೆಯಲಾಗಲಿಲ್ಲ.

"ಬೀಗ್ರ, ಅವನ ತಪ್ಪಲ್ರಿ, ದಾರ್ಯಾಗ ಆ ಅಲ್ಲಪ್ಪ..."

ನಬಿಲಾಲ ನನ್ನ ತೊಡೆ ಒತ್ತಿ ಹಿಡಿದ. "ಬಾಯಿ ಮುಚ್ಚರಿ," ಎಂದ ಮೆಲ್ಲಗೆ. "ಒಂದು ಫೋಟೋ ಸಲುವಾಗಿ ಹೆಂಡ್ತಿ ಹ್ವಾದ್ಲು ಅಂತ ತಿಳದ್ರ ಈ ಮನಷ್ಯಾ ಬದುಕ್ತಾನೇನ್ರಿ?"

ಆಮೇಲೆ ನೆಟ್ಟಗಿದ್ದ ಕೈಯನ್ನು ಮೇಲಕ್ಕೆ ಚಾಚಿದ.

"ತಪ್ಪಾತ್ರಿ ಕಾಕಾ. ಹೊಡೀರಿ. ಆದ್ರ ಇಳದು ಬಂದು, ತೆಪ್ಪದಾಗ ಕುಂತು ಹೊಡೀರಿ."