ಲೊವ್ರೊ ಅಗೆಯುತ್ತಿದ್ದ ಜಾಗ

ಆಸ್ಟ್ರೇಲಿಯಾದ ಮರುಭೂಮಿಯ ನಮ್ಮ ಕೂಬರ್ ಪೀಡಿ ಊರಲ್ಲಿ ಹೆಂಡತಿ ಯಾಕೆ ಬಿಟ್ಟುಹೋದಳು ಅಂತ ಯಾರನ್ನಾದರೂ ಮುಖಕ್ಕೇ ಕೇಳಬಹುದು, ಎಲ್ಲಿ ಅಗೆಯುತ್ತಿದ್ದೀಯ ಅಂತ ಮಾತ್ರ ಕೇಳಬಾರದು. ಓಪಲ್ ಅನ್ನುವ ರತ್ನದ ಕಲ್ಲು ಸಿಕ್ಕ ಸುದ್ದಿ ಹೊರಬಿದ್ದರೆ ಮಾರನೆಯ ದಿನವೇ ಆ ಗುಂಡಿಗೆ ಕಳ್ಳರು ಇಳಿದಿರುತ್ತಾರೆ. ಲೊವ್ರೊ ಮಾರಾಸ್ ಐವತ್ತು ವರ್ಷ ಈ ಮರ್ಯಾದೆ ಪಾಲಿಸಿದ. ಕ್ರೊಯೇಷಿಯಾದಿಂದ ಒಂಟಿಯಾಗಿ ಬಂದವನು ಒಂಟಿಯಾಗಿಯೇ ಉಳಿದ. ಗುಡ್ಡ ಕೊರೆದು ಮಾಡಿಕೊಂಡ ಅವನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಅವನ ಕೆಮ್ಮು ನನಗೆ ಕೇಳುತ್ತಿತ್ತು.

ನಾನು ಇಲ್ಲಿನ ನರ್ಸ್. ಎರಡು ವರ್ಷದ ಹಿಂದೆ ಅಡಿಲೇಡಿನ ದೊಡ್ಡಾಸ್ಪತ್ರೆಯಲ್ಲಿ ಅವನ ಎದೆಯೊಳಗೆ ಪೇಸ್‌ಮೇಕರ್ ಕೂರಿಸಿದರು. ಅದು ಎದೆಬಡಿತದ ವಿವರವನ್ನು ಅವನ ಫೋನಿಗೆ ಕೊಡುತ್ತದೆ, ಫೋನು ಅಡಿಲೇಡಿಗೆ ಕಳಿಸುತ್ತದೆ, ಏರುಪೇರಾದರೆ ಅಲ್ಲಿಂದ ನನಗೆ ಕರೆ ಬರುತ್ತದೆ.

ಕಳೆದ ಮಾರ್ಚ್‌ನಲ್ಲಿ ಪೇಸ್‌ಮೇಕರ್ ಕಂಪನಿಯ ಕಾಗದ ಬಂತು. ಫೋನಿನ ಆ್ಯಪ್‌ನಲ್ಲಿ ದೋಷವಿದೆ, ಹೊರಗಿನವರು ನುಗ್ಗಿ ಮಾಹಿತಿ ಕದಿಯಬಹುದು ಅಂತ. ಲೊವ್ರೊ ಅದನ್ನು ಹಿಡಿದುಕೊಂಡೇ ಬಂದ.

"ನನ್ನ ಎದೆಬಡಿತ ಕದ್ದು ಉಪ್ಪಿನಕಾಯಿ ಹಾಕ್ಕೋತಾರಾ?" ಅಂದವನು ದನಿ ತಗ್ಗಿಸಿದ. "ನಾನೆಲ್ಲಿ ನಿಂತಿದ್ದೀನಿ ಅಂತಾನೂ ಗೊತ್ತಾಗುತ್ತಾ, ಸಿಸ್ಟರ್?"

"ಗೊತ್ತಾಗಬಹುದು. ಎರಡು ವಾರದಲ್ಲಿ ಸರಿಮಾಡ್ತಾರಂತೆ. ಹಾಗಂತ ಫೋನ್ ಮನೇಲಿ ಬಿಟ್ಟು ಹೋಗಬೇಡ ಮಾರಾಯ."

"ಹ್ಞೂಂ," ಅಂದ. ಆ ಹ್ಞೂಂ ನಂಬಿದ್ದು ನನ್ನ ದಡ್ಡತನ.

ಮುಂದಿನ ಗುರುವಾರ ಬೆಳಿಗ್ಗೆ ಅಡಿಲೇಡಿನಿಂದ ಕರೆ ಬಂತು: ಎರಡು ದಿನದಿಂದ ಅವನ ವಿವರ ಬಂದಿಲ್ಲ. ಅವನ ಮನೆಗೆ ಓಡಿದೆ. ಹಾಸಿಗೆ ಮಡಿಸಿಟ್ಟಿತ್ತು, ಗಾಡಿ ಇರಲಿಲ್ಲ. ಫೋನನ್ನು ಟವೆಲಿನಲ್ಲಿ ಸುತ್ತಿ ಬಿಸ್ಕತ್ತಿನ ಡಬ್ಬಿಯಲ್ಲಿ ಮುಚ್ಚಿಟ್ಟು ಹೋಗಿದ್ದ.

ಪಬ್‌ಗೆ ಹೋಗಿ ಕೇಳಿದೆ. "ಲೊವ್ರೊ ಎಲ್ಲಿ ಅಗೀತಿದ್ದ?" ಅನ್ನುತ್ತಲೇ ಎಲ್ಲರೂ ತಮ್ಮ ತಮ್ಮ ಲೋಟ ನೋಡತೊಡಗಿದರು.

"ಅದೇನು ಕೇಳೋ ಮಾತಾ?" ಅಂದ ಸ್ಪಿರೊ. ಲೊವ್ರೊ ಜೊತೆ ಮೂವತ್ತು ವರ್ಷ ಇಸ್ಪೀಟಾಡಿದವನು. "ದೇವರಾಣೆಗೂ ನನಗ್ಗೊತ್ತಿಲ್ಲ."

ನಿಜಕ್ಕೂ ಯಾರಿಗೂ ಗೊತ್ತಿರಲಿಲ್ಲ. ಊರ ಸುತ್ತ ಲಕ್ಷಗಟ್ಟಲೆ ಗುಂಡಿಗಳಿವೆ, ಯಾವುದರೊಳಗೆ ಅಂತ ಇಣುಕುವುದು? ನಮ್ಮೂರ ಮರ್ಯಾದೆಯ ಮೇಲೆ ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಶನಿವಾರ ವಿಮಾನದಲ್ಲಿ ಹುಡುಕಿದವರಿಗೆ ಗಾಡಿ ಕಂಡಿತು. ಮಣ್ಣಿನ ಬಣ್ಣದ ಟಾರ್ಪಾಲು ಹೊದಿಸಿದ್ದ. ಪಕ್ಕದ ಗುಂಡಿಯ ತಳದಲ್ಲಿ ಗೋಡೆಗೊರಗಿ ಕೂತೇ ಸತ್ತಿದ್ದ.

ಪೇಸ್‌ಮೇಕರ್ ತೆಗೆದು ಅದರಲ್ಲಿ ಉಳಿದಿದ್ದನ್ನು ಓದಿದ ಮೇಲೆ ಅಡಿಲೇಡಿನ ಆಸ್ಪತ್ರೆಯ ಹೆಂಗಸು ಫೋನು ಮಾಡಿದಳು. ಬುಧವಾರ ಮಧ್ಯಾಹ್ನ ಬಡಿತ ತಪ್ಪತೊಡಗಿ, ಗುರುವಾರ ಸಂಜೆ ನಾಲ್ಕಕ್ಕೆ ನಿಂತಿತ್ತಂತೆ. ನಾನು ಪಬ್‌ನಲ್ಲಿ ನಿಂತು ಬೈದಾಡುತ್ತಿದ್ದಾಗ ಅವನಿನ್ನೂ ಬದುಕಿದ್ದ.

"ಇದನ್ನೆಲ್ಲ ನನಗ್ಯಾಕೆ ಹೇಳ್ತೀರಿ? ನಾನು ಅವನ ಸಂಬಂಧಿಕಳಲ್ಲ," ಅಂದೆ.

"ಅವರು ತುಂಬಿದ ಫಾರ್ಮಿನಲ್ಲಿ, ವಿವರ ಯಾರಿಗೆ ತಿಳಿಸಬಹುದು ಅನ್ನೋ ಕಡೆ ನಿಮ್ಮೊಬ್ಬರ ಹೆಸರೇ ಬರೆದಿದ್ದಾರೆ. ಪಕ್ಕದಲ್ಲಿ, 'ಅವಳು ಕೇಳಿದರೆ ಎಲ್ಲಾ ಹೇಳಿ' ಅಂತಿದೆ."

ಇಪ್ಪತ್ತು ವರ್ಷ ಒಂದೇ ಗೋಡೆಯ ಆಚೆ ಈಚೆ ಇದ್ದೆವು. ನಾನು ಕೇಳಲೇ ಇಲ್ಲ.