ಬೊಂಬಾಯಿ ಮಟ್ಟಿನ ಎಡಗೈ

ಕಳೆದ ವಾರ ಬೀರುವಿನ ಬಾಗಿಲು ಸರಿಮಾಡಲು ಬಂದ ಬಡಗಿ ಹಿತ್ತಲಲ್ಲಿ ಸಣ್ಣ ಒಲೆ ಹೂಡಿ ಮರಗೆಲಸದ ಅಂಟು ಕಾಯಿಸಿದ. ಡಬ್ಬಿಯಲ್ಲಿ ಬಿಳಿ ಅಂಟು ಸಿಗುವಾಗ ಇದೆಲ್ಲ ಯಾಕಪ್ಪ ಎಂದು ಕೇಳಿದೆ. "ಹಳೇ ಸಾಗುವಾನಿಗೆ ಹಳೇ ಅಂಟೇ ಸರಿ ರೀ" ಎಂದ. ಸ್ವಲ್ಪ ಹೊತ್ತಿನಲ್ಲಿ ಆ ವಾಸನೆ, ಚರ್ಮ ಬೆಂದಂಥ ವಾಸನೆ, ಅಡುಗೆಮನೆಯವರೆಗೂ ಬಂತು. ನಾನು ಕೈಯಲ್ಲಿದ್ದ ಸೌಟು ಕೆಳಗಿಟ್ಟು, ಭಾನುವಾರ ಹತ್ತು ಗಂಟೆಯಾಯಿತು, ತಡವಾಯಿತು ಎಂದು ಹೊರಟೇಬಿಟ್ಟೆ... ಅಂದು ಬುಧವಾರ.

ಪೇಟಿ ಮಾಸ್ತರರ ಅಂಗಡಿಯಲ್ಲಿ ಸದಾ ಇದೇ ವಾಸನೆ ಇರುತ್ತಿತ್ತು. ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡು ಹಲಗೆ ಬಾಗಿಲಿನ ಅಂಗಡಿ. ಹಾರ್ಮೋನಿಯಂ ರಿಪೇರಿ ಅವರ ಕಸುಬು. ಬಳ್ಳಿಗಾವಿ, ಅಂಜನಾಪುರ, ಸೊರಬದ ಕಡೆಯ ಭಜನೆಯವರು ಹರಿದ ತಿದಿಯ ಪೇಟಿಗಳನ್ನು ಬಟ್ಟೆಯಲ್ಲಿ ಸುತ್ತಿ, ಬಸ್ಸಿನ ಸೀಟಿನ ಮೇಲೆ ಕೂರಿಸಿಕೊಂಡು ಅವರ ಹತ್ತಿರ ತರುತ್ತಿದ್ದರು. ಊರವರೆಲ್ಲ ಅವರನ್ನು ಮಾಸ್ತರ್ರು ಎಂದೇ ಕರೆಯುತ್ತಿದ್ದರು.

ನನಗೆ ಅವರು ಸಿಕ್ಕಿದ್ದು ಆಸ್ಪತ್ರೆಯಲ್ಲಿ. ನಾನು ನರ್ಸ್ ಆಗಿ ಸೇರಿದ ಹೊಸತು. ತರಬೇತಿಯ ಹಾಸ್ಟೆಲಿನಲ್ಲಿ ನಾಲ್ಕೂವರೆಗೆ ಎದ್ದು, ಹಾಸಿಗೆಯ ಮೂಲೆ ಇಂಥದೇ ಕೋನದಲ್ಲಿ ಮಡಿಸಿ ಬೆಳೆದವಳು. ಡಾಕ್ಟರು ಮಾಸ್ತರರ ಕಿವಿ ನೋಡಿ, ಎಡಗಿವಿ ಹೋಗಿಯಾಗಿದೆ, ಬಲಗಿವಿಯೂ ಒಂದು ವರ್ಷದಲ್ಲಿ ಮಂದವಾದೀತು, ಮೊದಲು ತೆಳು ಸ್ವರಗಳು ಹೋಗುತ್ತವೆ ಎಂದು ಗಟ್ಟಿಯಾಗಿ ಹೇಳಿದರು. ಅಷ್ಟು ಹೊತ್ತೂ ನಾನು ಗಡಿಯಾರ ನೋಡುತ್ತ ಅವರ ನಾಡಿ ಹಿಡಿದು ಕೂತಿದ್ದೆ. ಮಾಸ್ತರರು ಡಾಕ್ಟರ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡುತ್ತಿದ್ದರು.

"ಇಷ್ಟು ದೊಡ್ಡ ಸುದ್ದಿ ಹೇಳಿದ್ರೂ ನಿಮ್ಮ ಎಣಿಕೆ ತಪ್ಪಲಿಲ್ಲ ಅಲ್ರೀ ಸಿಸ್ಟರ್?"

"ತಪ್ಪಬಾರದು" ಎಂದೆ.

"ಭಾನುವಾರ ಹತ್ತಕ್ಕೆ ಅಂಗಡಿಗೆ ಬರ್ರಿ. ನನಗೊಂದು ಎಡಗೈ ಬೇಕಾಗೇದ."

ಹುಚ್ಚು ಮಾತು ಎನಿಸಿತು. ಆದರೂ ಹೋದೆ. ರಜೆಯ ದಿನ ಹತ್ತರಿಂದ ಹನ್ನೆರಡರವರೆಗೆ ನನ್ನ ವೇಳಾಪಟ್ಟಿಯಲ್ಲಿ ಏನೂ ಇರಲಿಲ್ಲ, ಆ ಖಾಲಿ ಹೊತ್ತು ನನಗೆ ಸರಿಬರುತ್ತಲೂ ಇರಲಿಲ್ಲ.

ಅಂದು ಅವರು ಕಥೆ ಹೇಳಿದರು. ಹರೆಯದಲ್ಲಿ ಬೊಂಬಾಯಿಗೆ ಹೋಗಿ ವಾದ್ಯದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರಂತೆ. ದೊಡ್ಡ ಹೋಟೆಲುಗಳ ಪಿಯಾನೋಗಳ ಶ್ರುತಿ ಸರಿಮಾಡಲು ಹೋಗುವುದು. ಹಾಗೆ ಹೋದಲ್ಲಿ ಗೋವಾದ ವಾದಕರೊಬ್ಬರು, ಶ್ರುತಿ ಸರಿಯಾಯಿತೋ ಇಲ್ಲವೋ ಎಂದು ನೋಡಲು, ಯಾವಾಗಲೂ ಒಂದೇ ಜಾಝ್ ಮಟ್ಟು ನುಡಿಸುತ್ತಿದ್ದರು. ಅದಕ್ಕೆ ಒಂದು ಇಂಗ್ಲಿಷ್ ಹೆಸರಿತ್ತು. ಮಾಸ್ತರರಿಗೆ ಅದು ಮರೆತುಹೋಗಿ ಬೊಂಬಾಯಿ ಮಟ್ಟು ಎನ್ನುತ್ತಿದ್ದರು. ಅಮೆರಿಕದಲ್ಲಿ ಯಾರೋ ಪಿಯಾನೋ ವಾದಕ ಕುಣಿತಕ್ಕೆಂದು ಕಟ್ಟಿದ್ದಂತೆ, ಓಡುವ ಲಯದಲ್ಲಿ. ಆಮೇಲೆ ಇನ್ಯಾರೋ ಅದನ್ನು ನಿಧಾನ ಮಾಡಿದರು. ಮತ್ತೊಬ್ಬರು ಮಾತು ಹೊಂದಿಸಿ ಹಾಡು ಮಾಡಿದರು. ಯುದ್ಧದ ಕಾಲದಲ್ಲಿ ಸೈನಿಕರ ಜೊತೆ ಹಡಗಿನಲ್ಲಿ ಬೊಂಬಾಯಿಗೆ ಬಂತು. ಕಟ್ಟಿದವನೇ ಒಂದು ದಿನ ನುಡಿಸಿದಂತೆ ಇನ್ನೊಂದು ದಿನ ನುಡಿಸುತ್ತಿರಲಿಲ್ಲವಂತೆ.

ಊರಿಗೆ ಮರಳಿದ ಮೇಲೆ ಮಾಸ್ತರರು ಆ ಮಟ್ಟನ್ನು ಇಡಿಯಾಗಿ ಕೇಳಿರಲೇ ಇಲ್ಲ. ಪಿಯಾನೋಗೆ ಎರಡೂ ಕೈ ಬೇಕು. ಹಾರ್ಮೋನಿಯಂನಲ್ಲಿ ಒಂದು ಕೈ ತಿದಿ ಒತ್ತಲಿಕ್ಕೇ ಹೋಗುತ್ತದೆ. ಅರ್ಧ ಮಟ್ಟು ಅವರ ಬೆರಳಲ್ಲಿತ್ತು, ಉಳಿದರ್ಧ ತಲೆಯಲ್ಲಿ. ಕಿವಿ ಹೋಗುವುದರೊಳಗೆ ಎರಡನ್ನೂ ಒಟ್ಟಿಗೆ ಒಮ್ಮೆ ಕೇಳಬೇಕು. ಅದಕ್ಕೆ ಅವರು ಎರಡು ಪೇಟಿ ಎದುರುಬದುರು ಇಟ್ಟಿದ್ದರು. ಒಂದರಲ್ಲಿ ಪಿಯಾನೋದ ಎಡಗೈ, ಇನ್ನೊಂದರಲ್ಲಿ ಬಲಗೈ.

ಬಲಗೈ ಆಗಲೇ ಬಂದು ಕೂತಿತ್ತು. ಸೊರಬದ ಹುಡುಗಿ, ಹದಿನೆಂಟಿರಬಹುದು. ಭಜನೆಗೆ ಪೇಟಿ ನುಡಿಸುವವಳು, ಭಾನುವಾರದ ಬಸ್ಸಿಗೆ ಬಂದು ಪಾಠ ಹೇಳಿಸಿಕೊಳ್ಳುತ್ತಿದ್ದಳು. ಕೈ ನೀರಿನಂತೆ ಹರಿಯುತ್ತಿತ್ತು. ಸಮಯಪ್ರಜ್ಞೆ ಮಾತ್ರ ಸೊನ್ನೆ.

ಮಟ್ಟಿಗೆ ನಾಲ್ಕು ಭಾಗ. ಮೊದಲನೆಯದೇ ಎರಡು ಸಲ, ಆಮೇಲೆ ಬೇರೆಯದೊಂದು, ಕೊನೆಗೆ ಮತ್ತೆ ಮೊದಲನೆಯದು. ಮಾಸ್ತರರು ಬೆರಳು ಮಡಿಸಿ ಹೇಳಿದರು: "ಶಿಕಾರಿಪುರ, ಶಿಕಾರಿಪುರ, ಸೊರಬ, ಶಿಕಾರಿಪುರ."

"ನಮ್ಮೂರಿಗೆ ಒಂದೇ ಸಲನಾ ಮಾಸ್ತರ್ರೇ?" ಎಂದಳು ಹುಡುಗಿ.

"ದಿನಾ ಹೋಗೋವಂಥ ಊರೇನಮ್ಮ ಅದು?"

ಮೂರು ತಿಂಗಳಲ್ಲಿ ನನ್ನ ಭಾಗ ಕಲಿತೆ. ಎಡಗೈಯ ಭಾಗವಾದರೂ ನುಡಿಸುತ್ತಿದ್ದುದು ಬಲಗೈಯಲ್ಲಿ, ಎಡಗೈ ತಿದಿಗೆ. ದಪ್ಪ ಸ್ವರಗಳು, ಒಂದು ಹೆಜ್ಜೆ ತಪ್ಪದ ನಡಿಗೆ. ನನಗೆ ಹೇಳಿ ಮಾಡಿಸಿದಂತಿತ್ತು. ತೊಂದರೆ ಶುರುವಾದದ್ದು ಇಬ್ಬರೂ ಕೂಡಿ ನುಡಿಸತೊಡಗಿದ ಮೇಲೆ. ಒಂದು ಸುತ್ತು ಸರಿಯಾಗಿ ಮುಗಿಯುತ್ತಿತ್ತು. ಎರಡನೇ ಸುತ್ತಿಗೆ ಹುಡುಗಿ ಹೇಳಿಕೊಟ್ಟದ್ದನ್ನು ಬಿಟ್ಟು ಎಲ್ಲೆಲ್ಲೋ ಹೊರಟುಬಿಡುತ್ತಿದ್ದಳು. ನಾನು ತಕ್ಷಣ ಕೈ ಎತ್ತುತ್ತಿದ್ದೆ.

"ತಪ್ಪಾಯ್ತು, ಮೊದಲಿಂದ."

"ತಪ್ಪಲ್ಲ ಅಕ್ಕ, ಹಾಗೇ ಬಂತು."

"ಹಾಗೇ ಬರೋದಕ್ಕೆ ಇದೇನು ಸೀನೋ ಕೆಮ್ಮೋ?"

"ಮಾಸ್ತರ್ರೇ, ಈ ಸಿಸ್ಟರಕ್ಕ ಗಡಿಯಾರ ನುಂಗಿದಾರೆ, ನೋಡಿ."

ನಾಲ್ಕು ಭಾನುವಾರ ಹೀಗೇ ಕಳೆಯಿತು. ನಾನು ಮಾಡುತ್ತಿರುವುದು ಶಿಸ್ತು ಎಂದೇ ನಂಬಿದ್ದೆ. ಐದನೇ ಭಾನುವಾರ ನಾನು ಕೈ ಎತ್ತಿದಾಗ ಮಾಸ್ತರರು ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು. ಓಣಿಯಲ್ಲಿ ಸೈಕಲ್ಲೊಂದು ಗಂಟೆ ಹೊಡೆಯುತ್ತ ದಾಟಿಹೋಯಿತು. "ಈಗ ಸೈಕಲ್ ಹೋಯ್ತಲ್ಲ, ಗಂಟೆ ಬಾರಿಸ್ತೋ?" ಎಂದು ಕೇಳಿದರು. ತೆಳು ಸ್ವರಗಳು ಹೋಗತೊಡಗಿದ್ದವು.

ಅವರು ಬಂದು ನನ್ನ ಎದುರು ಕೂತರು. "ಸಿಸ್ಟರ್, ನೀವು ನಾಡಿ ಹಿಡಿದಾಗ ರೋಗಿ ಏನಾರ ಮಾತಾಡಿದ್ರೆ ಎಣಿಸೋದು ಬಿಡ್ತೀರೇನ್ರೀ?"

"ಇಲ್ಲ."

"ಮತ್ತೆ? ಆ ಹುಡುಗಿ ಮಾತಾಡ್ಲಿಕ್ಕೆ ಹತ್ಯಾಳ. ಮಾತಾಡ್ಲಿ ಬಿಡ್ರಿ."

ಮುಂದಿನ ಭಾನುವಾರ ಮಾಸ್ತರರು ಎರಡು ಪೇಟಿಗಳನ್ನೂ ತಮ್ಮ ಬಲಗಡೆಗೇ ಇರಿಸಿದರು. ತೆಳು ಸ್ವರದ ಪೇಟಿಯನ್ನು ಕಿವಿಯ ಹತ್ತಿರಕ್ಕೆ, ನನ್ನದನ್ನು ಸ್ವಲ್ಪ ದೂರಕ್ಕೆ. ನಾನು ಬಾಗಿಲ ಹಲಗೆಯ ಮೇಲಿನ ಒಂದು ಗಂಟಿನ ಮೇಲೆ ಕಣ್ಣು ನೆಟ್ಟು ನುಡಿಸಿದೆ. ಎರಡನೇ ಸುತ್ತಿನಲ್ಲಿ ಹುಡುಗಿ ಹೊರಟಳು. ಕೈ ಎತ್ತಲಿಲ್ಲ. ಅವಳು ಎಲ್ಲೆಲ್ಲಿ ಹೋದಳೋ ತಿಳಿಯದು. ಆದರೆ ನಾನು ಕೊನೆಯ ಶಿಕಾರಿಪುರದ ಬಾಗಿಲಿಗೆ ಬಂದಾಗ ಅವಳೂ ಅಲ್ಲೇ ನಿಂತಿದ್ದಳು! ನನಗೆ ನಗು ಬಂದುಬಿಟ್ಟಿತು. ಲಯ ತಪ್ಪಲಿಲ್ಲ.

ಮಾಸ್ತರರು ಕಣ್ಣು ತೆರೆಯಲು ಹೊತ್ತು ಹಿಡಿಯಿತು. ಹುಡುಗಿ ಬಾಗಿ, ಅವರ ಕಿವಿಗೆ ಬಾಯಿಟ್ಟು, "ಕೇಳ್ತಾ ಮಾಸ್ತರ್ರೇ?" ಎಂದು ಕೂಗಿದಳು.

"ಸೊರಬದಾಗ ಏನೋ ಕದ್ದುಕೊಂಡು ಬಂದಿ" ಎಂದರು. ಆಮೇಲೆ, "ಇನ್ನೊಮ್ಮೆ" ಎಂದರು.

ಅಂದು ಹನ್ನೆರಡಕ್ಕೆ ಏಳಬೇಕಾದ ನಾನು ಎದ್ದಾಗ ಎರಡು ಗಂಟೆ. ಮಳೆಗಾಲದ ತನಕ ಭಾನುವಾರ ಭಾನುವಾರ ನುಡಿಸಿದೆವು. ಆಮೇಲೆ ಅವರಿಗೆ ನನ್ನ ದಪ್ಪ ಸ್ವರಗಳು ಮಾತ್ರ ಕೇಳುತ್ತಿದ್ದವು, ಕೊನೆಕೊನೆಗೆ ಅವೂ ಇಲ್ಲ... ನನಗೆ ವರ್ಗವಾಯಿತು. ಅವರು ಹೋದ ಸುದ್ದಿ ಪೋಸ್ಟ್‌ಕಾರ್ಡಿನಲ್ಲಿ ಬಂತು. ತಲುಪುವ ಹೊತ್ತಿಗೆ ಹದಿಮೂರನೆಯ ದಿನವೂ ದಾಟಿತ್ತು. ನಿವೃತ್ತಳಾಗಿ ಶಿಕಾರಿಪುರಕ್ಕೇ ಬಂದು ನೋಡಿದರೆ ಅಂಗಡಿ ಇದ್ದಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ.

ಅಂಟಿನ ವಾಸನೆ ಬಂದ ಬುಧವಾರ ಸಂಜೆ ಸೊರಬಕ್ಕೆ ಫೋನ್ ಮಾಡಿದೆ. ಆ ಹುಡುಗಿಗೆ ಈಗ ಅರವತ್ತು ದಾಟಿದೆ, ಮನೆಯಲ್ಲೇ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುತ್ತಾಳೆ. "ಆ ಮಟ್ಟು ಸಿಕ್ಕಿತು ಅಕ್ಕ, ನಾನು ಗುನುಗಿದೆ, ಮೊಮ್ಮಗಳು ಫೋನಿನಲ್ಲಿ ಹುಡುಕಿಕೊಟ್ಟಳು. ಒಬ್ಬನೇ ಎರಡು ಕೈಯಲ್ಲಿ ನುಡಿಸ್ತಾನೆ ಮಾರಾಯ್ತಿ!" ಎಂದಳು. ಆಮೇಲೆ ದನಿ ತಗ್ಗಿಸಿ, "ಶಿಕಾರಿಪುರ ನಮ್ಮದೇ ಇದೆ. ಸೊರಬ ಮಾತ್ರ ಪೂರ್ತಿ ಬೇರೆ" ಎಂದಳು.

ಮಾಸ್ತರರಿಗೆ ಮೂರನೇ ಭಾಗ ಮರೆತುಹೋಗಿತ್ತು. ಅಲ್ಲಿಗೆ ತಾವೇ ಒಂದನ್ನು ಕಟ್ಟಿ ಹಾಕಿದ್ದರು, ನಮಗೆ ಹೇಳಿರಲಿಲ್ಲ. ಗೊತ್ತಿದ್ದು ಮಾಡಿದರೋ, ಗೊತ್ತಿಲ್ಲದೆಯೋ... ನಾನು ಮೊದಲು ಪೆಚ್ಚಾದೆ. ಹಾಗಾದರೆ ಅವರು ಕೇಳಬೇಕೆಂದಿದ್ದನ್ನು ಕೇಳಲೇ ಇಲ್ಲವಲ್ಲ ಎಂದೆ. "ಕೇಳಿದರು ಅಕ್ಕ. ಇನ್ನೊಮ್ಮೆ ಅಂದರಲ್ಲ" ಎಂದಳು ಅವಳು.

ಮೊನ್ನೆ ಭಾನುವಾರ ಬೆಳಗಿನ ಬಸ್ಸಿಗೆ ಸೊರಬಕ್ಕೆ ಹೋದೆ. ಅವಳ ಶಿಷ್ಯೆ, ಒಂಬತ್ತನೇ ತರಗತಿಯವಳು, ಕೀಬೋರ್ಡಿನ ಮುಂದೆ ಕೂತು ಎರಡು ಕೈಯಲ್ಲೂ ನಮ್ಮ ಮಟ್ಟು ನುಡಿಸಿದಳು. ಎಡಗೈಯ ಎರಡು ಸ್ವರ ನಾನು ತಿದ್ದಿದೆ. ಮೂರನೇ ಭಾಗಕ್ಕೆ ಬಂದಾಗ ಕೈ ತಡೆದು, "ಅಜ್ಜಿ, ಇಲ್ಲಿ ಫೋನಿನಲ್ಲಿ ಇರೋ ಹಾಗೆ ನುಡಿಸಲಾ, ನೀವು ನುಡಿಸ್ತಿದ್ದ ಹಾಗಾ?" ಎಂದು ಕೇಳಿದಳು.

ಕೇಳಿ ಹೇಳೋಣವೆಂದರೆ ಕೇಳಬೇಕಾದವರು ಇಲ್ಲ. ಬೊಂಬಾಯಿಯಲ್ಲಿ ಅದನ್ನು ನುಡಿಸುತ್ತಿದ್ದವರೂ ಇಲ್ಲ, ನಮ್ಮ ಮಾಸ್ತರರೂ ಇಲ್ಲ. ಅಂದಿನ ಬಲಗೈ, ಸೊರಬದವಳು, ನನ್ನ ಮುಖ ನೋಡಿದಳು.

"ಮೊದಲು ನಮ್ಮ ಮಾಸ್ತರರದ್ದು ಕಲಿ" ಎಂದೆ. "ಆಮೇಲೆ ನಿನ್ನದೊಂದು ಮಾಡು. ಮುಂದಿನ ಭಾನುವಾರ ಬಂದು ಕೇಳ್ತೀನಿ."